ಇಪ್ಪತ್ತೊಂದು ಜನ, ಎರಡು ಸಭೆ: 1969ರ ಕಾಂಗ್ರೆಸ್ ಕಾರ್ಯಕಾರಿ ಸಮಿತಿಯ ಪ್ರಕರಣ ಅಧ್ಯಯನ

1969ರ ನವೆಂಬರ್ 1ರಂದು ದೆಹಲಿಯಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿಯ ಸಭೆ ಏಕಕಾಲಕ್ಕೆ ಎರಡು ಕಡೆ ನಡೆಯಿತು. ಒಂದು ಜಂತರ್ ಮಂತರ್ ರಸ್ತೆಯ 7ನೇ ಸಂಖ್ಯೆಯ ಪಕ್ಷದ ಕಚೇರಿಯಲ್ಲಿ, ಅಧ್ಯಕ್ಷ ಎಸ್. ನಿಜಲಿಂಗಪ್ಪನವರ ನೇತೃತ್ವದಲ್ಲಿ. ಇನ್ನೊಂದು ಪ್ರಧಾನಿ ಇಂದಿರಾ ಗಾಂಧಿಯವರ ನಿವಾಸದಲ್ಲಿ. ಅಧ್ಯಕ್ಷರೂ ಸೇರಿ 21 ಜನರಿದ್ದ ಸಮಿತಿ ಹೆಚ್ಚುಕಡಿಮೆ ಸರಿಯಾಗಿ ನಡುವೆ ಸೀಳಿತ್ತು. ಎರಡೂ ಕಡೆ ನಿರ್ಣಯಗಳು ಅಂಗೀಕಾರವಾದವು, ಎರಡೂ ಕಡೆಯವರು ತಾವೇ ಕಾರ್ಯಕಾರಿ ಸಮಿತಿ ಎಂದರು.

ಈ ಕಥೆಯನ್ನು ಸಾಮಾನ್ಯವಾಗಿ ವ್ಯಕ್ತಿಗಳ ಜಗಳವಾಗಿ ಹೇಳುತ್ತಾರೆ: ಒಂದು ಕಡೆ ಇಂದಿರಾ, ಇನ್ನೊಂದು ಕಡೆ ಸಿಂಡಿಕೇಟ್ ಎಂದು ಹೆಸರಾಗಿದ್ದ ಕಾಮರಾಜ್, ಎಸ್.ಕೆ. ಪಾಟೀಲ್, ಅತುಲ್ಯ ಘೋಷ್, ನಿಜಲಿಂಗಪ್ಪ. ಅದು ಸುಳ್ಳಲ್ಲ. ಆದರೆ ಪಕ್ಷದ ಮುಂಚೂಣಿಯ ಹಿರಿಯರೆಲ್ಲ ಕೂತಿದ್ದ, ಸ್ವಾತಂತ್ರ್ಯ ಹೋರಾಟವನ್ನೇ ನಡೆಸಿದ ಒಂದು ಸಮಿತಿ ತನ್ನ ಒಳಗಿನ ವಿವಾದವನ್ನು ಯಾಕೆ ತಾನೇ ಬಗೆಹರಿಸಿಕೊಳ್ಳಲಾಗಲಿಲ್ಲ ಎಂಬ ಪ್ರಶ್ನೆಗೆ ವ್ಯಕ್ತಿಗಳ ಸ್ವಭಾವ ಉತ್ತರ ಕೊಡುವುದಿಲ್ಲ. ಉತ್ತರ ಇರುವುದು ಆ ಸಮಿತಿಯನ್ನು ಕಟ್ಟಿದ ರೀತಿಯಲ್ಲಿ. ಅದನ್ನು ಬಿಚ್ಚಿ ನೋಡುವುದು ಇಲ್ಲಿನ ಕೆಲಸ.

ಸಮಿತಿ ಯಾರಿಂದ ಆಗುತ್ತದೆ

ಕಾರ್ಯಕಾರಿ ಸಮಿತಿ ಹುಟ್ಟಿದ್ದು 1920ರ ಡಿಸೆಂಬರಿನ ನಾಗಪುರ ಅಧಿವೇಶನದಲ್ಲಿ. ಅದಕ್ಕೂ ಮುಂಚೆ ಕಾಂಗ್ರೆಸ್ ವರ್ಷಕ್ಕೊಮ್ಮೆ ಸೇರಿ ಚದುರುತ್ತಿದ್ದ ಸಂಸ್ಥೆ. ಗಾಂಧೀಜಿ ರೂಪಿಸಿದ ಹೊಸ ನಿಯಮಾವಳಿ ಅದನ್ನು ವರ್ಷವಿಡೀ ದುಡಿಯುವ ಸಂಘಟನೆಯಾಗಿಸಿತು. ಭಾಷಾವಾರು ಪ್ರದೇಶ ಸಮಿತಿಗಳು ಬಂದದ್ದೂ ಅದೇ ನಿಯಮಾವಳಿಯಿಂದ. ರಾಜ್ಯವೇ ಇಲ್ಲದಿದ್ದ ಕಾಲದಲ್ಲಿ ಕರ್ನಾಟಕಕ್ಕೆ ತನ್ನದೇ ಪ್ರದೇಶ ಕಾಂಗ್ರೆಸ್ ಸಮಿತಿ ಸಿಕ್ಕಿದ್ದು ಹಾಗೆ.

ಮೆಟ್ಟಿಲುಗಳನ್ನು ಕೆಳಗಿನಿಂದ ನೋಡಬೇಕು. ಪ್ರಾಥಮಿಕ ಸದಸ್ಯರ ಮೇಲೆ ಬ್ಲಾಕ್ ಮತ್ತು ಜಿಲ್ಲಾ ಸಮಿತಿಗಳು, ಅವುಗಳ ಮೇಲೆ ಪ್ರದೇಶ ಸಮಿತಿ. ಪ್ರದೇಶ ಸಮಿತಿಯ ಸದಸ್ಯರನ್ನೇ ಪಕ್ಷದ ಭಾಷೆಯಲ್ಲಿ ಡೆಲಿಗೇಟರು ಎನ್ನುತ್ತಾರೆ. ಈ ಡೆಲಿಗೇಟರು ತಮ್ಮೊಳಗಿನಿಂದ ಎಂಟನೇ ಒಂದು ಭಾಗದಷ್ಟು ಜನರನ್ನು ಅಖಿಲ ಭಾರತ ಕಾಂಗ್ರೆಸ್ ಸಮಿತಿಗೆ, ಅಂದರೆ ಎಐಸಿಸಿಗೆ ಕಳಿಸುತ್ತಾರೆ. ಆ ಆಯ್ಕೆ ನಡೆಯಬೇಕಾದದ್ದು ಏಕ ವರ್ಗಾವಣೀಯ ಮತದ ಅನುಪಾತ ಪದ್ಧತಿಯಲ್ಲಿ. ಪ್ರದೇಶದೊಳಗಿನ ಸಣ್ಣ ಬಣಕ್ಕೂ ಎಐಸಿಸಿಯಲ್ಲಿ ಪಾಲು ಸಿಗಲಿ ಎಂಬುದು ಉದ್ದೇಶ. ಪಕ್ಷದ ಅಧ್ಯಕ್ಷರನ್ನು ಆರಿಸುವವರು ಎಐಸಿಸಿಯವರಲ್ಲ, ಎಲ್ಲ ಪ್ರದೇಶಗಳ ಡೆಲಿಗೇಟರು. ಈ ವ್ಯತ್ಯಾಸವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಎಲ್ಲವೂ ಇದರ ಮೇಲೆ ನಿಂತಿದೆ.

ಇನ್ನು ಕಾರ್ಯಕಾರಿ ಸಮಿತಿ. ಅದರಲ್ಲಿ ಒಂದು ಪಾಲು ಎಐಸಿಸಿಯಿಂದ ಚುನಾಯಿತರಾದವರು, ಮಿಕ್ಕವರು ಅಧ್ಯಕ್ಷರು ನೇಮಿಸಿದವರು. ಬಹುಕಾಲ ನೇಮಕವೇ ರೂಢಿಯಾಗಿತ್ತು, ಚುನಾಯಿತ ಪಾಲು ನಂತರ ಸೇರಿದ್ದು. ಸದಸ್ಯರು ಸಾಮಾನ್ಯವಾಗಿ ಎಐಸಿಸಿ ಸದಸ್ಯರೇ ಆಗಿರಬೇಕು. ವಿಶೇಷ ಸಂದರ್ಭದಲ್ಲಿ ಬರೀ ಡೆಲಿಗೇಟ್ ಆಗಿದ್ದವರನ್ನೂ ನೇಮಿಸಬಹುದು, ಆದರೆ ಅವರು ಆರು ತಿಂಗಳೊಳಗೆ ಎಐಸಿಸಿಗೆ ಆರಿಸಿ ಬರದಿದ್ದರೆ ಸ್ಥಾನ ಹೋಗುತ್ತದೆ. ಖಜಾಂಚಿಯನ್ನೂ ಪ್ರಧಾನ ಕಾರ್ಯದರ್ಶಿಗಳನ್ನೂ ಗೊತ್ತುಮಾಡುವವರು ಅಧ್ಯಕ್ಷರು. ಚುನಾವಣಾ ಅಭ್ಯರ್ಥಿಗಳಂಥ ಶಾಸನಸಭೆಯ ವ್ಯವಹಾರಕ್ಕೆ ಸಮಿತಿಯ ಕೆಳಗೆ ಒಂದು ಸಣ್ಣ ಸಂಸದೀಯ ಮಂಡಳಿ ಇತ್ತು.

ಸಮಿತಿಯ ಅಧಿಕಾರವನ್ನು ಹೇಳುವ ಕಲಮಿನಲ್ಲಿ ಮೂರು ಮಾತುಗಳಿವೆ. ಅದು ಪಕ್ಷದ ಅತ್ಯುನ್ನತ ಕಾರ್ಯಾಂಗ. ಅದು ಎಐಸಿಸಿಗೆ ಜವಾಬ್ದಾರ. ನಿಯಮಾವಳಿಯ ಅರ್ಥ ಹೇಳುವುದರಲ್ಲಿ, ಅದನ್ನು ಅನ್ವಯಿಸುವುದರಲ್ಲಿ ಅದರದೇ ಅಂತಿಮ ಮಾತು. ಮೊದಲ ಎರಡು ಎಲ್ಲ ಸಂಘಸಂಸ್ಥೆಗಳಲ್ಲೂ ಇರುವಂಥವೇ. ಅಪಾಯ ಇರುವುದು ಮೂರನೆಯದರಲ್ಲಿ. ಸಮಿತಿ ಒಟ್ಟಾಗಿದ್ದಾಗ ಅದು ಸಮಿತಿಯ ಬಲ. ಸಮಿತಿಯ ಸದಸ್ಯರು ಯಾರು ಎಂಬುದೇ ವಿವಾದವಾದಾಗ ಅದು ಬರೀ ಪೊಳ್ಳು, ಏಕೆಂದರೆ ತೀರ್ಪು ಕೊಡಬೇಕಾದವರು ಯಾರು ಎಂದು ತೀರ್ಪು ಕೊಡುವವರಿಲ್ಲ.

ಹೀಗೆ 1969ರಲ್ಲಿ ಪಕ್ಷದ ತುದಿಯಲ್ಲಿ ನಾಲ್ಕು ಬೇರೆ ಬೇರೆ ಮೂಲದ ಅಧಿಕಾರಗಳು ಒಂದೇ ಕೋಣೆಯಲ್ಲಿ ಕೂತಿದ್ದವು. ಡೆಲಿಗೇಟರ ಮತದಿಂದ ಬಂದ ಅಧ್ಯಕ್ಷ. ಎಐಸಿಸಿ ಮತದಿಂದ ಬಂದ ಚುನಾಯಿತ ಸದಸ್ಯರು. ಅಧ್ಯಕ್ಷರ ಕೈಬರಹದಿಂದ ಬಂದ ನೇಮಿತ ಸದಸ್ಯರು. ಸಂಸದರ ಬೆಂಬಲದಿಂದ ಬಂದ ಪ್ರಧಾನಿ. ಇವುಗಳಲ್ಲಿ ಯಾವುದು ಯಾವುದಕ್ಕಿಂತ ಮೇಲೆ ಎಂದು ನಿಯಮಾವಳಿ ಸ್ಪಷ್ಟವಾಗಿ ಹೇಳಿರಲಿಲ್ಲ.

ಮೊದಲೇ ಎರಡು ಸಲ ಬಿರುಕು ಕಂಡಿತ್ತು

1939ರ ಜನವರಿಯಲ್ಲಿ ಸುಭಾಷ್‌ಚಂದ್ರ ಬೋಸ್ ಪಟ್ಟಾಭಿ ಸೀತಾರಾಮಯ್ಯನವರ ಎದುರು ಸುಮಾರು 200 ಮತಗಳ ಅಂತರದಿಂದ ಅಧ್ಯಕ್ಷರಾದರು. ಡೆಲಿಗೇಟರ ಮತದ ಬಲ ಅವರಿಗಿತ್ತು. ಆದರೆ ಫೆಬ್ರುವರಿಯಲ್ಲಿ ಕಾರ್ಯಕಾರಿ ಸಮಿತಿಯ 12 ಸದಸ್ಯರು ರಾಜೀನಾಮೆ ಕೊಟ್ಟರು. ಮಾರ್ಚಿನ ತ್ರಿಪುರಿ ಅಧಿವೇಶನ, ಅಧ್ಯಕ್ಷರು ಗಾಂಧೀಜಿಯ ಇಚ್ಛೆಯಂತೆ ಸಮಿತಿ ರಚಿಸಬೇಕೆಂಬ ಗೋವಿಂದ ವಲ್ಲಭ ಪಂತರ ನಿರ್ಣಯವನ್ನು ಒಪ್ಪಿತು. ಗಾಂಧೀಜಿ ಹೆಸರು ಸೂಚಿಸಲು ಒಪ್ಪಲಿಲ್ಲ, ಬೋಸರಿಗೆ ಸಮಿತಿ ಕಟ್ಟಲು ಆಗಲಿಲ್ಲ, ಏಪ್ರಿಲ್ ಕೊನೆಯಲ್ಲಿ ಅವರು ರಾಜೀನಾಮೆ ಕೊಟ್ಟರು. ಸಮಿತಿ ಕಟ್ಟಲಾಗದ ಅಧ್ಯಕ್ಷ ಅಧ್ಯಕ್ಷನಲ್ಲ ಎಂಬುದು ಅಲ್ಲಿ ತಿಳಿದುಬಂದ ಪಾಠ.

1951ರಲ್ಲಿ ಅದೇ ಗಂಟು ಬೇರೆ ರೂಪದಲ್ಲಿ ಬಂತು. ಅಧ್ಯಕ್ಷ ಪುರುಷೋತ್ತಮದಾಸ್ ಟಂಡನ್ ರಚಿಸಿದ್ದ ಸಮಿತಿಯನ್ನು ಪ್ರಧಾನಿ ನೆಹರೂ ಒಪ್ಪಲಿಲ್ಲ, ಪುನಾರಚನೆ ಆಗಲಿ ಎಂದರು. ಸಮಿತಿಯ ನೇಮಕ ಅಧ್ಯಕ್ಷರ ಹಕ್ಕು, ಅದನ್ನು ಒತ್ತಾಯಕ್ಕೆ ಬಿಟ್ಟುಕೊಡಲಾರೆ ಎಂಬುದು ಟಂಡನ್ನರ ನಿಲುವು. ಕಲಮಿನ ಅಕ್ಷರಶಃ ಅರ್ಥದಲ್ಲಿ ಅವರದೇ ಸರಿ. ಆಗಸ್ಟಿನಲ್ಲಿ ನೆಹರೂ ಸಮಿತಿಗೆ ರಾಜೀನಾಮೆ ಕೊಟ್ಟರು, ಮೊದಲ ಮಹಾಚುನಾವಣೆ ಬಾಗಿಲಲ್ಲಿತ್ತು. ಸೆಪ್ಟೆಂಬರಿನಲ್ಲಿ ಟಂಡನ್ ತಾವೇ ಕೆಳಗಿಳಿದರು, ನೆಹರೂ ಪಕ್ಷದ ಅಧ್ಯಕ್ಷರೂ ಆದರು.

ಎರಡೂ ಸಲ ಒಬ್ಬರು ಬಿಟ್ಟುಕೊಟ್ಟಿದ್ದರಿಂದ ಪಕ್ಷ ಉಳಿಯಿತು. ನಿಯಮದಿಂದ ಬಗೆಹರಿಯಲಿಲ್ಲ. ಹಾಗಾಗಿ ನಿಯಮವನ್ನು ತಿದ್ದುವ ಅಗತ್ಯ ಯಾರಿಗೂ ಕಾಣಲಿಲ್ಲ. ನಮ್ಮ ಎಣಿಕೆಯಲ್ಲಿ 1969ರ ಒಡಕಿನ ಬೀಜ ಇದೇ: ಎರಡು ಬಾರಿ ಗಾಯ ಮಾದಿತು, ಮುಳ್ಳು ಒಳಗೇ ಉಳಿಯಿತು.

ಲಾಲ್‌ಬಾಗಿನಿಂದ ಜಂತರ್ ಮಂತರ್‌ವರೆಗೆ

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಜುಲೈ ಎರಡನೇ ವಾರ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಸೇರಿತು. ಅಧ್ಯಕ್ಷರ ತವರು ರಾಜ್ಯ, ವೀರೇಂದ್ರ ಪಾಟೀಲರ ಸರ್ಕಾರದ ಆತಿಥ್ಯ. ಇಂದಿರಾ ಅವರು ಬ್ಯಾಂಕ್ ರಾಷ್ಟ್ರೀಕರಣವೂ ಸೇರಿದ ಆರ್ಥಿಕ ಟಿಪ್ಪಣಿಯೊಂದನ್ನು ಫಕ್ರುದ್ದೀನ್ ಅಲಿ ಅಹ್ಮದ್ ಕೈಯಲ್ಲಿ ಕಳಿಸಿದರು. ಅದಕ್ಕೆ ಸಮಿತಿಯಲ್ಲಿ ಒಪ್ಪಿಗೆ ಸಿಕ್ಕಿತು, ದೊಡ್ಡ ತಕರಾರು ಬರಲಿಲ್ಲ.

ಮುರಿದದ್ದು ಬೇರೆ ಕಡೆ. ರಾಷ್ಟ್ರಪತಿ ಅಭ್ಯರ್ಥಿಯನ್ನು ಆರಿಸುವ ಕೆಲಸ ಸಂಸದೀಯ ಮಂಡಳಿಯದು. ಜುಲೈ 12ರಂದು ಅಲ್ಲಿ ಮತಕ್ಕೆ ಹಾಕಿ ನೀಲಂ ಸಂಜೀವ ರೆಡ್ಡಿಯವರ ಹೆಸರು ಖಾಯಂ ಆಯಿತು. ಇಂದಿರಾ ಸೂಚಿಸಿದ್ದ ಜಗಜೀವನ್ ರಾಮ್ ಹೆಸರು ಬಿದ್ದಿತು. ಗೃಹ ಸಚಿವ ಯಶವಂತರಾವ್ ಚವಾಣ್ ಕೂಡ ರೆಡ್ಡಿ ಪರ ಮತ ಹಾಕಿದ್ದರು. ಒಂದು ಸಣ್ಣ ಮಂಡಳಿಯಲ್ಲಿ ಒಂದೆರಡು ಮತಗಳು ಪ್ರಧಾನಿಯ ಇಚ್ಛೆಯನ್ನು ತಳ್ಳಿಹಾಕಬಲ್ಲವು, ಅದೂ ಪೂರ್ತಿ ನಿಯಮಬದ್ಧವಾಗಿ. ಮಂಡಳಿಯ ಗಾತ್ರ ಚಿಕ್ಕದಾದಷ್ಟೂ ಒಂದೊಂದು ಮತಕ್ಕೂ ಬೆಲೆ ಏರುತ್ತದೆ. ಕೇಂದ್ರ ಸಮಿತಿಗಳನ್ನು ರಚಿಸುವವರು ಮರೆಯುವ ಲೆಕ್ಕ ಇದು.

ಮುಂದಿನದು ವೇಗವಾಗಿ ನಡೆಯಿತು. ಜುಲೈ 16ರಂದು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಹೋಯಿತು, ಅವರು ಸಂಪುಟ ಬಿಟ್ಟರು. ಜುಲೈ 19ರಂದು ಸುಗ್ರೀವಾಜ್ಞೆಯ ಮೂಲಕ 14 ಬ್ಯಾಂಕುಗಳು ರಾಷ್ಟ್ರೀಕರಣವಾದವು, ನಮ್ಮ ಕೆನರಾ ಬ್ಯಾಂಕ್ ಮತ್ತು ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಅವುಗಳಲ್ಲಿ ಸೇರಿದ್ದವು. ವಿ.ವಿ. ಗಿರಿ ಪಕ್ಷೇತರರಾಗಿ ರಾಷ್ಟ್ರಪತಿ ಚುನಾವಣೆಗೆ ನಿಂತರು. ರೆಡ್ಡಿಯವರಿಗೆ ಎರಡನೇ ಪ್ರಾಶಸ್ತ್ಯದ ಮತ ಕೇಳಲು ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರನ್ನು ಮಾತಾಡಿಸಿದ್ದರು. ಇದನ್ನೇ ಹಿಡಿದು ಇಂದಿರಾ ಬಣದವರು ರೆಡ್ಡಿ ಪರ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಆಜ್ಞೆ, ಹೊರಡಿಸಲು ಒಪ್ಪದೆ, ಆತ್ಮಸಾಕ್ಷಿಯ ಮತಕ್ಕೆ ಕರೆ ಕೊಟ್ಟರು. ಆಗಸ್ಟ್ 20ರ ಎಣಿಕೆಯಲ್ಲಿ ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಪ್ರಾಶಸ್ತ್ಯ ಮತಗಳು ಸೇರಿದ ಮೇಲೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಅಧಿಕೃತ ಅಭ್ಯರ್ಥಿ 14,650 ಮತಮೌಲ್ಯದಿಂದ ಸೋತರು.

ಆಗಸ್ಟ್ 25ರಂದು ಕಾರ್ಯಕಾರಿ ಸಮಿತಿ ಏಕತೆಯ ನಿರ್ಣಯ ಮಾಡಿತು. ಎರಡೂ ಕಡೆಯವರು ಕೈಯೆತ್ತಿದರು. ಅದು ಎರಡು ತಿಂಗಳು ಬಾಳಿತು.

ಎರಡು ಹೆಸರು ತೆಗೆದರೆ ಏನಾಗುತ್ತದೆ

ಇಂದಿರಾ ಬೆಂಬಲಿಗರು ಅಕ್ಟೋಬರಿನಲ್ಲಿ ಎಐಸಿಸಿ ಸದಸ್ಯರ ಸಹಿ ಸಂಗ್ರಹ ಆರಂಭಿಸಿದರು. ವರ್ಷ ಮುಗಿಯುವುದರೊಳಗೆ ಹೊಸ ಅಧ್ಯಕ್ಷರನ್ನು ಆರಿಸಲು ಎಐಸಿಸಿ ಸಭೆ ಕರೆಯಬೇಕು ಎಂಬುದು ಬೇಡಿಕೆ. ಇದು ನಿಯಮಾವಳಿಯಲ್ಲೇ ಇರುವ ದಾರಿ. ನಿಗದಿತ ಸಂಖ್ಯೆಯ ಸದಸ್ಯರು ಉದ್ದೇಶ ಬರೆದು ಸಹಿ ಹಾಕಿ ಕೇಳಿದರೆ ಸಭೆ ಕರೆಯಬೇಕು. ಸಂಘಸಂಸ್ಥೆ ನಡೆಸಿದವರಿಗೆ ಕೋರಿಕೆ ಸಭೆ ಗೊತ್ತು: ಪದಾಧಿಕಾರಿಗಳು ಸಭೆ ಕರೆಯದೆ ಕೂತರೆ ಸದಸ್ಯರಿಗೆ ಇರುವ ಒಂದೇ ಆಸರೆ ಅದು.

ನಿಜಲಿಂಗಪ್ಪನವರ ಉತ್ತರ ಸಮಿತಿಯ ಸದಸ್ಯತ್ವದ ಮೇಲೆ ಬಂತು. ಸಿ. ಸುಬ್ರಮಣ್ಯಂ ಅವರು ತಮಿಳುನಾಡು ಪ್ರದೇಶ ಸಮಿತಿಯ ಅಧ್ಯಕ್ಷಗಿರಿಗೆ ರಾಜೀನಾಮೆ ಕೊಟ್ಟಿದ್ದರು. ಎಐಸಿಸಿ ಸದಸ್ಯತ್ವ ಆ ಹುದ್ದೆಯಿಂದ ಬಂದದ್ದು, ಹುದ್ದೆ ಹೋದ ಮೇಲೆ ಅದೂ ಹೋಯಿತು, ಹಾಗಾಗಿ ಕಾರ್ಯಕಾರಿ ಸಮಿತಿಯ ಸ್ಥಾನವೂ ಇಲ್ಲ ಎಂಬುದು ಅಧ್ಯಕ್ಷರ ವಾದ. ಫಕ್ರುದ್ದೀನ್ ಅಲಿ ಅಹ್ಮದ್ ಅವರನ್ನೂ ಸಮಿತಿಯಿಂದ ಕೈಬಿಟ್ಟರು. ಸಾವಿರಾರು ಡೆಲಿಗೇಟರ, ನೂರಾರು ಎಐಸಿಸಿ ಸದಸ್ಯರ ಪಕ್ಷದಲ್ಲಿ ಎರಡು ಹೆಸರು ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ 21 ಜನರ ಸಮಿತಿಯಲ್ಲಿ ಬಹುಮತಕ್ಕೆ ಬೇಕಾದದ್ದು 11. ಎರಡೂ ಕಡೆ ಹತ್ತರ ಆಸುಪಾಸು ಇದ್ದಾಗ ಒಂದೇ ಕಡೆಯ ಇಬ್ಬರನ್ನು ತೆಗೆದರೆ ಯಾರು ನಿಯಮದ ಅರ್ಥ ಹೇಳಬೇಕು ಎಂಬುದೇ ತಿರುಗಿಬೀಳುತ್ತದೆ.

ಇಲ್ಲಿ ನಿಯಮಾವಳಿಯ ದೋಷ ಎದ್ದು ಕಾಣುತ್ತದೆ. ನೇಮಿಸುವ ಹಕ್ಕು ಇದ್ದವರಿಗೆ ಅವಧಿಯ ನಡುವೆ ತೆಗೆಯುವ ಹಕ್ಕೂ ಇದೆಯೇ? ಎಐಸಿಸಿ ಸದಸ್ಯತ್ವ ಹೋದರೆ ಸಮಿತಿ ಸ್ಥಾನ ತಾನಾಗಿ ಹೋಗುತ್ತದೆಯೇ, ಅಥವಾ ಸಮಿತಿ ನಿರ್ಣಯ ಮಾಡಬೇಕೇ? ಇಂಥ ಪ್ರಶ್ನೆಗೆ ಅಂತಿಮ ಅರ್ಥ ಹೇಳಬೇಕಾದದ್ದು ಕಾರ್ಯಕಾರಿ ಸಮಿತಿ. ಆದರೆ ಆ ಇಬ್ಬರೂ ಕೂತು ಮತ ಹಾಕಬೇಕೇ ಬೇಡವೇ ಎಂಬುದೇ ಪ್ರಶ್ನೆ. ನಿಜಲಿಂಗಪ್ಪನವರ ವಾದ ತಾಂತ್ರಿಕವಾಗಿ ಪೂರ್ತಿ ಬುಡವಿಲ್ಲದ್ದಲ್ಲ. ಆದರೆ ತನ್ನ ಮೇಲೆಯೇ ಅವಿಶ್ವಾಸದ ಸಹಿ ಓಡಾಡುತ್ತಿರುವ ವಾರದಲ್ಲಿ, ಸಮಿತಿಯನ್ನು ಕೇಳದೆ, ಎದುರು ಬಣದ ಇಬ್ಬರನ್ನೇ ತೆಗೆದದ್ದು ಆ ವಾದದ ತೂಕವನ್ನು ಕಳೆಯಿತು. ಅದರ ಮಾರನೇ ದಿನಗಳಲ್ಲೇ ಎರಡು ಸಭೆಗಳು ಆದದ್ದು.

ಜಂತರ್ ಮಂತರ್ ಸಭೆ ಕೋರಿಕೆಯನ್ನು ತಳ್ಳಿಹಾಕಿತು. ನವೆಂಬರ್ 12ರಂದು ಅದೇ ಕಡೆಯವರು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಿದರು, ಸಂಸದೀಯ ಪಕ್ಷ ಹೊಸ ನಾಯಕನನ್ನು ಆರಿಸಲಿ ಎಂದರು. ಸಂಸದರ ಬಹುಮತ ಮರುದಿನವೇ ಇಂದಿರಾ ಅವರಲ್ಲಿ ವಿಶ್ವಾಸ ತೋರಿಸಿತು. ಕಾರ್ಯಕಾರಿ ಸಮಿತಿ ಅತ್ಯುನ್ನತ ಎಂದು ಕಾಗದದಲ್ಲಿದ್ದರೂ, ಸರ್ಕಾರ ನಿಲ್ಲುವುದು ಸಂಸದರ ಎಣಿಕೆಯ ಮೇಲೆ. ಸಮಿತಿಯ ಕೈ ಅಲ್ಲಿಗೆ ತಲುಪುವುದಿಲ್ಲ. ಸುಮಾರು 60ಕ್ಕೂ ಹೆಚ್ಚು ಲೋಕಸಭಾ ಸದಸ್ಯರು ಸಂಸ್ಥಾ ಕಾಂಗ್ರೆಸ್ ಎನಿಸಿಕೊಂಡ ನಿಜಲಿಂಗಪ್ಪನವರ ಬಣದ ಕಡೆ ಹೋದರು, ಅವರ ನಾಯಕ ರಾಮ್ ಸುಭಗ್ ಸಿಂಗ್ ಲೋಕಸಭೆಯ ಮೊದಲ ಅಧಿಕೃತ ವಿರೋಧ ಪಕ್ಷದ ನಾಯಕರಾದರು.

ನವೆಂಬರ್ 22 ಮತ್ತು 23ರಂದು ದೆಹಲಿಯಲ್ಲಿ ಕೋರಿಕೆ ಸಭೆ ನಡೆಯಿತು. 705 ಚುನಾಯಿತ ಎಐಸಿಸಿ ಸದಸ್ಯರಲ್ಲಿ 446 ಜನ ಬಂದಿದ್ದರು ಎಂಬುದು ಆ ಬಣ ಕೊಟ್ಟ ಲೆಕ್ಕ. ಸಭೆ ನಿಜಲಿಂಗಪ್ಪನವರನ್ನು ಅಧ್ಯಕ್ಷ ಸ್ಥಾನದಿಂದ ತೆಗೆದು ಸುಬ್ರಮಣ್ಯಂ ಅವರನ್ನು ಹಂಗಾಮಿಯಾಗಿ ಕೂರಿಸಿತು. ತಿಂಗಳ ಹಿಂದೆ ಯಾರ ಸದಸ್ಯತ್ವವೇ ಇಲ್ಲ ಎಂದು ನಿಜಲಿಂಗಪ್ಪನವರು ಹೇಳಿದ್ದರೋ ಅವರೇ. ಡಿಸೆಂಬರಿನಲ್ಲಿ ಸಂಸ್ಥಾ ಕಾಂಗ್ರೆಸ್ ಗುಜರಾತಿನಲ್ಲಿ, ಇಂದಿರಾ ಬಣ ಬೊಂಬಾಯಿಯಲ್ಲಿ ಅಧಿವೇಶನ ನಡೆಸಿದವು. ಬೊಂಬಾಯಿಯಲ್ಲಿ ಜಗಜೀವನ್ ರಾಮ್ ಅಧ್ಯಕ್ಷರು.

ಕೋರಿಕೆ ಸಭೆಯೂ ನಿಯಮದ ದೃಷ್ಟಿಯಿಂದ ನಿರ್ದೋಷಿಯಲ್ಲ. ಅಧ್ಯಕ್ಷರನ್ನು ಆರಿಸುವವರು ಡೆಲಿಗೇಟರು, ಹಾಗಿರುವಾಗ ಅವರಿಗಿಂತ ಚಿಕ್ಕದಾದ ಎಐಸಿಸಿ ಅವರನ್ನು ತೆಗೆಯುವುದು ಹೇಗೆ? ಇಂದಿರಾ ಬಣ ಹೇಳಿದ್ದು ಸಮಿತಿ ಎಐಸಿಸಿಗೆ ಜವಾಬ್ದಾರ ಎಂಬ ಮಾತನ್ನು. ಆದರೆ ಆ ಕಲಮು ಸಮಿತಿಯನ್ನು ಕುರಿತದ್ದು, ಅಧ್ಯಕ್ಷರನ್ನಲ್ಲ. ಎರಡೂ ಬಣಗಳ ಕೈಯಲ್ಲಿ ಅರ್ಧರ್ಧ ನಿಯಮ ಇತ್ತು, ಇನ್ನರ್ಧವನ್ನು ಇಬ್ಬರೂ ಮುರಿದಿದ್ದರು.

ಆಯೋಗದ ಮುಂದೆ ಎಣಿಕೆ

ಒಳಗೆ ಬಗೆಹರಿಯದ್ದು ಹೊರಗೆ ಹೋಯಿತು. ಚುನಾವಣಾ ಆಯೋಗದ 1968ರ ಚಿಹ್ನೆಗಳ ಆದೇಶದ 15ನೇ ಪ್ಯಾರಾ ಹೇಳುವುದು ಇಷ್ಟು: ಮಾನ್ಯತೆ ಪಡೆದ ಪಕ್ಷದಲ್ಲಿ ಬಣಗಳಾಗಿ, ಪ್ರತಿಯೊಂದೂ ತಾನೇ ಆ ಪಕ್ಷ ಎಂದರೆ, ಯಾವುದು ಆ ಪಕ್ಷ ಎಂದು ಆಯೋಗ ನಿರ್ಧರಿಸಬಹುದು. ಒಂದು ವರ್ಷ ಹಿಂದಷ್ಟೇ ಬಂದಿದ್ದ ಆದೇಶಕ್ಕೆ ದೇಶದ ಅತಿ ದೊಡ್ಡ ಪಕ್ಷವೇ ಪರೀಕ್ಷೆಯಾಯಿತು. ಪಣ ನೊಗ ಹೊತ್ತ ಜೋಡೆತ್ತಿನ ಚಿಹ್ನೆ. ಓದಲು ಬಾರದ ಕೋಟ್ಯಂತರ ಮತದಾರರಿಗೆ ಪಕ್ಷ ಎಂದರೆ ಆ ಎತ್ತುಗಳೇ ಆಗಿದ್ದವು, ಆದ್ದರಿಂದ ಇದನ್ನು ಬರೀ ಚಿತ್ರದ ಜಗಳ ಎಂದು ತಳ್ಳಿಹಾಕುವಂತಿಲ್ಲ.

ಆಯೋಗದ ಮುಂದೆ ಮೂರು ಅಳತೆಗೋಲುಗಳು ಬಂದವು. ಮೊದಲನೆಯದು ಧ್ಯೇಯೋದ್ದೇಶ: ಯಾರು ಪಕ್ಷದ ಗುರಿಯಿಂದ ದೂರ ಸರಿದರು? ಎರಡೂ ಬಣ ಅದೇ ಗುರಿಗಳನ್ನು ಹೇಳುತ್ತಿದ್ದವು, ಈ ಕೋಲು ಮುರಿಯಿತು. ಎರಡನೆಯದು ಪಕ್ಷದ ನಿಯಮಾವಳಿ: ಯಾರು ಅದರಂತೆ ನಡೆದರು? ಒಡಕು ಕಂಡ ಕೂಡಲೇ ಎರಡೂ ಕಡೆಯವರು ಎದುರಾಳಿಗಳನ್ನು ಸಮಿತಿಗಳಿಂದ ತೆಗೆಯುತ್ತ, ಉಚ್ಚಾಟಿಸುತ್ತ ಹೋಗಿದ್ದರಿಂದ ಈ ಕೋಲೂ ಉಪಯೋಗಕ್ಕೆ ಬರಲಿಲ್ಲ. ಉಳಿದದ್ದು ಮೂರನೆಯದು, ಎಣಿಕೆ. ಸಂಸತ್ತಿನ ಎರಡೂ ಸದನಗಳು, ರಾಜ್ಯ ಶಾಸನಸಭೆಗಳು ಒಂದು ಕಡೆ. ಎಐಸಿಸಿ ಮತ್ತು ಡೆಲಿಗೇಟರು ಇನ್ನೊಂದು ಕಡೆ. ಶಾಸಕರನ್ನು ಎಣಿಸುವುದು ಸುಲಭ, ಅವರ ಪಟ್ಟಿ ಸರ್ಕಾರದಲ್ಲೇ ಇರುತ್ತದೆ. ಸಂಘಟನೆಯ ಎಣಿಕೆಯೇ ಕಷ್ಟ. ಅದಕ್ಕೆ ಒಡಕಿನ ಮುಂಚಿನ, ಇಬ್ಬರೂ ಒಪ್ಪುವ ಒಂದು ಪಟ್ಟಿ ಬೇಕು. ಇಲ್ಲಿ ಒಡಕಿಗೆ ಮುಂಚಿನ ಕೊನೆಯ ಒಟ್ಟು ಅಧಿವೇಶನ, 1969ರ ಏಪ್ರಿಲಿನ ಫರೀದಾಬಾದ್ ಅಧಿವೇಶನ, ಅಳತೆಯ ಬುಡವಾಯಿತು. ಅಲ್ಲಿದ್ದವರಲ್ಲಿ ಎಷ್ಟು ಜನ ಈಗ ಯಾರ ಕಡೆ ಎಂಬುದು ಪ್ರಶ್ನೆ.

1971ರ ಜನವರಿ 11ರಂದು ಮುಖ್ಯ ಚುನಾವಣಾ ಆಯುಕ್ತ ಎಸ್.ಪಿ. ಸೇನ್ ವರ್ಮಾ ಜಗಜೀವನ್ ರಾಮ್ ಬಣವೇ ಕಾಂಗ್ರೆಸ್ ಎಂದರು. ಸಂಸ್ಥಾ ಕಾಂಗ್ರೆಸ್ ಸುಪ್ರೀಂ ಕೋರ್ಟಿಗೆ ಹೋಯಿತು, ಆದೇಶಕ್ಕೆ ತಡೆ ಸಿಕ್ಕಿತು. ಹಾಗಾಗಿ ಮಾರ್ಚಿನ ಚುನಾವಣೆಯಲ್ಲಿ ಜೋಡೆತ್ತು ಯಾರಿಗೂ ಇರಲಿಲ್ಲ. ಆಡಳಿತ ಕಾಂಗ್ರೆಸ್ ಎನಿಸಿಕೊಂಡ ಇಂದಿರಾ ಬಣಕ್ಕೆ ಹಸು ಕರು, ಸಂಸ್ಥಾ ಕಾಂಗ್ರೆಸ್ಸಿಗೆ ಚರಕ ತಿರುಗಿಸುವ ಹೆಂಗಸು. ಸಾದಿಕ್ ಅಲಿ ಪ್ರಕರಣ ಎಂದು ಹೆಸರಾದ ಆ ಮೊಕದ್ದಮೆಯ ತೀರ್ಪು ನವೆಂಬರ್ 11ಕ್ಕೆ ಬಂತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಬರೆದ ತೀರ್ಪು ಎಣಿಕೆಯ ಅಳತೆಯನ್ನು ಎತ್ತಿಹಿಡಿಯಿತು. ಕಾಂಗ್ರೆಸ್ಸಿನಂಥ ಪ್ರಜಾಸತ್ತಾತ್ಮಕ ಸಂಘಟನೆಯಲ್ಲಿ ಬಹುಮತ ಯಾರ ಕಡೆ ಎಂಬುದು ಸರಿಯಾದ ಪ್ರಶ್ನೆ, ಚಿಹ್ನೆ ಎಂಬುದು ಅಣ್ಣತಮ್ಮಂದಿರು ಹಂಚಿಕೊಳ್ಳುವ ಆಸ್ತಿಯಂಥದ್ದಲ್ಲ ಎಂಬುದು ಅದರ ತಿರುಳು. ಹೊಲ ಪಾಲಾದಂತೆ ಎತ್ತು ಪಾಲಾಗುವುದಿಲ್ಲ, ಒಬ್ಬರಿಗೆ ಎರಡೂ, ಇನ್ನೊಬ್ಬರಿಗೆ ಒಂದೂ ಇಲ್ಲ.

ಜಂತರ್ ಮಂತರ್ ಕಚೇರಿ ಮಾತ್ರ ಸಂಸ್ಥಾ ಕಾಂಗ್ರೆಸ್ಸಿನ ಕೈಯಲ್ಲೇ ಉಳಿದು, ಮುಂದೆ ಜನತಾ ಪಕ್ಷದ ಕಚೇರಿಯಾಯಿತು.

ಮೈಸೂರು ರಾಜ್ಯದಲ್ಲಿ ಆದದ್ದು

ರಾಜ್ಯದ ಸರ್ಕಾರ, ಪ್ರದೇಶ ಸಮಿತಿಯ ಹಿಡಿತ ಎಲ್ಲವೂ ನಿಜಲಿಂಗಪ್ಪ ಮತ್ತು ವೀರೇಂದ್ರ ಪಾಟೀಲರ ಕಡೆ ಇದ್ದವು. ಇಂದಿರಾ ಬಣವನ್ನು ಇಲ್ಲಿ ಕಟ್ಟಿದವರು ಡಿ. ದೇವರಾಜ ಅರಸು. ಸಂಘಟನೆಯ ಯಂತ್ರ ಕೈಯಲ್ಲಿದ್ದರೆ ಸಾಕೇ ಎಂಬುದಕ್ಕೆ 1971ರ ಮಾರ್ಚ್ ಉತ್ತರ ಕೊಟ್ಟಿತು: ರಾಜ್ಯದ 27 ಲೋಕಸಭಾ ಸ್ಥಾನಗಳಲ್ಲಿ 27ನ್ನೂ ಆಡಳಿತ ಕಾಂಗ್ರೆಸ್ ಗೆದ್ದಿತು. ದೇಶದಲ್ಲಿ ಅದಕ್ಕೆ 352, ಸಂಸ್ಥಾ ಕಾಂಗ್ರೆಸ್ಸಿಗೆ 16. ಶಾಸಕರು ಪಕ್ಷ ಬದಲಿಸಿದರು, ವೀರೇಂದ್ರ ಪಾಟೀಲರ ಸರ್ಕಾರ ಉರುಳಿತು, ಒಂದು ವರ್ಷ ರಾಷ್ಟ್ರಪತಿ ಆಳ್ವಿಕೆಯ ನಂತರ 1972ರಲ್ಲಿ 216ರಲ್ಲಿ 165 ಸ್ಥಾನ ಗೆದ್ದು ಅರಸು ಮುಖ್ಯಮಂತ್ರಿಯಾದರು. ಅದೇ ಅರಸು 1979ರಲ್ಲಿ ಇಂದಿರಾ ಕಾಂಗ್ರೆಸ್ಸಿನಿಂದ ಉಚ್ಚಾಟಿತರಾಗಿ, ತಮ್ಮ ಹೆಸರಿನ ಮೊದಲಕ್ಷರ ಹೊತ್ತ ಇನ್ನೊಂದು ಕಾಂಗ್ರೆಸ್ಸಿನ ಅಧ್ಯಕ್ಷರಾದರು.

ಆಮೇಲೆ ಸಮಿತಿ ಹೇಗೆ ಬದಲಾಯಿತು

1969ರ ಪಾಠದಿಂದ ನಿಯಮಾವಳಿ ಬಿಗಿಯಾಗಬೇಕಿತ್ತು. ಆದದ್ದು ಬೇರೆ: ಚುನಾಯಿತ ಪಾಲೇ ಕಾಣೆಯಾಗತೊಡಗಿತು. ಗೆದ್ದ ಬಣದಲ್ಲಿ ಪ್ರಧಾನಿಯ ಮಾತಿಗೆ ಎದುರಾಡುವ ಚುನಾಯಿತ ಸದಸ್ಯರು ಬೇಡವಾದರು. ಬಹುಕಾಲದ ನಂತರ 1992ರ ತಿರುಪತಿ ಅಧಿವೇಶನದಲ್ಲಿ ಪಿ.ವಿ. ನರಸಿಂಹರಾವ್ ಚುನಾವಣೆ ನಡೆಸಿದರು. ಅರ್ಜುನ್ ಸಿಂಗ್, ಶರದ್ ಪವಾರ್ ಆರಿಸಿ ಬಂದರು. ಆದರೆ ದಲಿತರು, ಆದಿವಾಸಿಗಳು, ಮಹಿಳೆಯರು ಯಾರೂ ಗೆದ್ದಿಲ್ಲ ಎಂಬ ಕಾರಣಕ್ಕೆ ಚುನಾಯಿತರಿಂದ ರಾಜೀನಾಮೆ ಪಡೆದು, ಇಡೀ ಸಮಿತಿ ನೇಮಕದ ಸಮಿತಿಯಾಯಿತು. ಪ್ರಾತಿನಿಧ್ಯದ ಕೊರತೆ ನಿಜ, ಅದಕ್ಕೆ ಮೀಸಲು ಸ್ಥಾನಗಳ ಚುನಾವಣೆ ನಡೆಸಬಹುದಿತ್ತು. ಎಐಸಿಸಿ ಮತದಿಂದ ಬಂದವರನ್ನು ಅಧ್ಯಕ್ಷರ ಋಣಕ್ಕೆ ಬಿದ್ದವರನ್ನಾಗಿ ಮಾಡಿದ್ದು ಪರಿಹಾರವಲ್ಲ.

ಕೊನೆಯ ಚುನಾವಣೆ 1997ರ ಕಲ್ಕತ್ತಾದಲ್ಲಿ, ಸೀತಾರಾಂ ಕೇಸರಿ ಅಧ್ಯಕ್ಷರಾಗಿದ್ದಾಗ. ಡೆಲಿಗೇಟರಿಂದ ಭಾರಿ ಬಹುಮತದಲ್ಲಿ ಗೆದ್ದಿದ್ದ ಆ ಅಧ್ಯಕ್ಷರನ್ನೇ 1998ರ ಮಾರ್ಚ್ 14ರಂದು ಕಾರ್ಯಕಾರಿ ಸಮಿತಿ ಕೆಳಗಿಳಿಸಿ ಸೋನಿಯಾ ಗಾಂಧಿಯವರನ್ನು ಅಧ್ಯಕ್ಷರೆಂದು ಘೋಷಿಸಿತು. ಕೇಸರಿ ಸಭೆಯಿಂದ ಎದ್ದು ಹೋಗಿದ್ದರು. ಅಧ್ಯಕ್ಷರ ಮರಣ, ರಾಜೀನಾಮೆಯಂಥ ತುರ್ತಿನಲ್ಲಿ ಸಮಿತಿ ಹಂಗಾಮಿ ಅಧ್ಯಕ್ಷರನ್ನು ನೇಮಿಸಬಹುದು ಎಂಬ ಕಲಮನ್ನು ಎಳೆದು ಬಳಸಲಾಯಿತು. ಏಪ್ರಿಲಿನಲ್ಲಿ ಎಐಸಿಸಿ ಅದಕ್ಕೆ ಮುದ್ರೆ ಒತ್ತಿತು. 1969ಕ್ಕೂ ಇದಕ್ಕೂ ನಿಯಮದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ವ್ಯತ್ಯಾಸ ಸಮಿತಿಯ ಎಣಿಕೆಯಲ್ಲಿತ್ತು: ಈ ಸಲ ಅದು ಅರ್ಧಕ್ಕೆ ಸೀಳಲಿಲ್ಲ, ಕೇಸರಿಯವರ ಹಿಂದೆ ಎರಡನೇ ಸಭೆ ನಡೆಸುವಷ್ಟು ಜನ ಇರಲಿಲ್ಲ.

2023ರವರೆಗೆ ನಿಯಮಾವಳಿಯ ಪ್ರಕಾರ ಸಮಿತಿ ಎಂದರೆ ಅಧ್ಯಕ್ಷರು, ಸಂಸತ್ತಿನಲ್ಲಿ ಪಕ್ಷದ ನಾಯಕರು, ಮತ್ತು 23 ಸದಸ್ಯರು. ಅದರಲ್ಲಿ 12 ಎಐಸಿಸಿಯಿಂದ ಚುನಾಯಿತರು, 11 ನೇಮಕ. 2023ರ ಫೆಬ್ರುವರಿಯ ರಾಯಪುರ ಅಧಿವೇಶನ ಈ 23ನ್ನು 35ಕ್ಕೆ ಏರಿಸಿತು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದವರು, ಅಲ್ಪಸಂಖ್ಯಾತರು, ಮಹಿಳೆಯರು, ಯುವಜನರಿಗೆ ಅರ್ಧದಷ್ಟು ಸ್ಥಾನ ಮೀಸಲಾದವು. ಅದೇ ಅಧಿವೇಶನದಲ್ಲಿ ಚುನಾವಣೆ ಬೇಡ, ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆಯವರೇ ಎಲ್ಲರನ್ನೂ ನೇಮಿಸಲಿ ಎಂದೂ ತೀರ್ಮಾನವಾಯಿತು. 2022ರ ಅಕ್ಟೋಬರಿನಲ್ಲಿ ಖರ್ಗೆ 7,897 ಡೆಲಿಗೇಟ್ ಮತ ಪಡೆದು ಅಧ್ಯಕ್ಷರಾಗಿದ್ದರು, ಶಶಿ ತರೂರ್ ಅವರಿಗೆ 1,072 ಬಿದ್ದಿದ್ದವು. ತರೂರರಿಗೆ ಮತ ಹಾಕಿದ ಆ ಸಾವಿರಕ್ಕೂ ಹೆಚ್ಚು ಡೆಲಿಗೇಟರಿಗೆ ತಮ್ಮ ಮತದ ಬಲದಿಂದ ಸಮಿತಿಯಲ್ಲಿ ಒಂದು ಸ್ಥಾನ ಪಡೆಯುವ ದಾರಿ ಉಳಿಯಲಿಲ್ಲ. 2023ರ ಆಗಸ್ಟ್ 20ರ ಪಟ್ಟಿಯಲ್ಲಿ 39 ಸದಸ್ಯರು, 32 ಕಾಯಂ ಆಹ್ವಾನಿತರು, 13 ವಿಶೇಷ ಆಹ್ವಾನಿತರು. ತರೂರ್ ಅವರೂ ಸದಸ್ಯರಾದರು, ಆದರೆ ಅದು ಗೆದ್ದವರು ಕರೆದು ಕೊಟ್ಟ ಸ್ಥಾನ. ಒಟ್ಟು 84 ಜನ ಸೇರುವ ಕೋಣೆಯಲ್ಲಿ ಚರ್ಚೆ ಆಗಬಹುದು, ಕೈಯೆತ್ತಿಸಿ ಎಣಿಸುವ ಮತದಾನ ಆಗುವುದು ಅಪರೂಪ. ಆಹ್ವಾನಿತರಿಗೆ ಮತ ಇದೆಯೇ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಬೇರೆ ಪಕ್ಷಗಳ ದಾರಿ ಬೇರೆ. ಸಿಪಿಐ(ಎಂ)ನಲ್ಲಿ ಪಕ್ಷದ ಮಹಾಧಿವೇಶನ ಕೇಂದ್ರ ಸಮಿತಿಯನ್ನು ಆರಿಸುತ್ತದೆ, ಕೇಂದ್ರ ಸಮಿತಿ ಪಾಲಿಟ್‌ಬ್ಯೂರೋವನ್ನೂ ಪ್ರಧಾನ ಕಾರ್ಯದರ್ಶಿಯನ್ನೂ ಆರಿಸುತ್ತದೆ. ಅಧಿಕಾರದ ಮೂಲ ಒಂದೇ. ಹೊರಹೋಗುವ ಸಮಿತಿಯೇ ಹೊಸ ಪಟ್ಟಿ ಮುಂದಿಡುವುದರಿಂದ ಆ ದಾರಿಗೂ ಅದರದೇ ಮುಚ್ಚುಮರೆ ಇದೆ. ಬಿಜೆಪಿಯಲ್ಲಿ ರಾಷ್ಟ್ರೀಯ ಕಾರ್ಯಕಾರಿಣಿ ಅಧ್ಯಕ್ಷರ ನೇಮಕ.

ಒಂದು ಪಕ್ಷದ ನಿಯಮಾವಳಿ ಕೈಗೆ ಬಂದಾಗ ಧ್ಯೇಯ, ಧ್ವಜದ ಪುಟಗಳನ್ನು ದಾಟಿ ಹೋಗಿ. ಕೇಂದ್ರ ಸಮಿತಿಯ ಎಷ್ಟು ಜನ ಯಾರ ಮತದಿಂದ ಬರುತ್ತಾರೆ ಎಂದು ಎಣಿಸಿ. ಅವಧಿಯ ನಡುವೆ ಅವರನ್ನು ಯಾರು, ಯಾವ ನೋಟಿಸು ಕೊಟ್ಟು ತೆಗೆಯಬಹುದು ಎಂಬುದು ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ಅಲ್ಲಿ ಗುರುತು ಹಾಕಿಕೊಳ್ಳಿ. ಕೋರಿಕೆ ಸಭೆಗೆ ಎಷ್ಟು ಸಹಿ ಬೇಕು, ಅಧ್ಯಕ್ಷರು ಕರೆಯದಿದ್ದರೆ ಎಷ್ಟು ದಿನದ ನಂತರ ಸಹಿ ಹಾಕಿದವರೇ ಕರೆಯಬಹುದು, ಸಹಿಗಳ ಪರಿಶೀಲನೆ ಯಾರದು ಎಂಬುದು ಮುಂದಿನ ಪ್ರಶ್ನೆ. ನಿಯಮದ ಅರ್ಥ ಹೇಳುವ ಅಧಿಕಾರ ವಿವಾದದಲ್ಲಿ ಸಿಕ್ಕಿಕೊಳ್ಳಬಹುದಾದ ಸಮಿತಿಯ ಕೈಯಲ್ಲೇ ಇದ್ದರೆ, ಹೊರಗಿನ ಮಧ್ಯಸ್ಥರಿದ್ದಾರೆಯೇ ಹುಡುಕಿ. ಕೊನೆಗೆ ಸದಸ್ಯರ ಮತ್ತು ಡೆಲಿಗೇಟರ ಪಟ್ಟಿ ಕೇಳಿ: ದಿನಾಂಕ, ಸಹಿ, ಪುಟ ಸಂಖ್ಯೆ ಇರುವ, ಜಗಳ ಶುರುವಾಗುವ ಮುಂಚಿನ ಪಟ್ಟಿ. 2023ರ ಫೆಬ್ರುವರಿಯಲ್ಲಿ ಶಿವಸೇನೆಯ ಬಿಲ್ಲುಬಾಣ ಯಾರಿಗೆ ಎಂದು ನಿರ್ಧರಿಸುವಾಗ ಆಯೋಗ ಅದೇ ಸಾದಿಕ್ ಅಲಿ ಅಳತೆಗಳನ್ನು ಕೈಗೆತ್ತಿಕೊಂಡಿತು. ಪಕ್ಷದ ನಿಯಮಾವಳಿ ಪ್ರಜಾಸತ್ತಾತ್ಮಕವಲ್ಲ ಎಂದು ಅದನ್ನು ಬದಿಗಿಟ್ಟು, ಮತ್ತೆ ಶಾಸಕರನ್ನೇ ಎಣಿಸಿತು.